ಕೊಟ್ಟೂರಯ್ಯನವರ ರಾಜೀನಾಮೆ

ಸುಳ್ಳು ಹೇಳುವವರು ಊರಿನಿಂದ ದೂರ ಹೋಗಿ ಹೇಳಬೇಕೆಂದು ತಿಳಿದವರ ಮಾತು. ಕೊಟ್ಟೂರಯ್ಯನವರು ಆ ಮಟ್ಟಿಗೆ ಎಚ್ಚರದ ಮನುಷ್ಯರೇ. ಬಳ್ಳಾರಿ ಸೀಮೆಯ ಕೊಟ್ಟೂರಿನಿಂದ ಹೊರಟು, ನಾಲ್ಕು ರೈಲು ಬದಲಿಸಿ, ಮೂರು ಹಗಲು ಮೂರು ರಾತ್ರಿ ಪ್ರಯಾಣ ಮಾಡಿ ಕಾಶಿಗೆ ಬಂದು, ಅಲ್ಲಿ ಹನ್ನೆರಡು ವರ್ಷ ಕಾದು, ಆಮೇಲೆ ಹೇಳಿದರು. ಆದರೂ ಸಿಕ್ಕಿಬಿದ್ದರು.

ಕಾಶಿಯ ಗೋದೌಲಿಯಾ ಚೌಕದ ಹತ್ತಿರ ಕನ್ನಡನಾಡಿನವರದೊಂದು ಮಠವಿತ್ತು. ಅದರ ಪಾರುಪತ್ಯ ಕೊಟ್ಟೂರಯ್ಯನವರದು. ಯಾತ್ರಿಕರಿಗೆ ಕೋಣೆ ಕೊಡಿಸುವುದು, ಕೆಟ್ಟ ನಲ್ಲಿ ರಿಪೇರಿ ಮಾಡಿಸುವುದು, ಕಾಶೀವಾಸಕ್ಕೆಂದು ಬಂದು ಮಠದಲ್ಲೇ ನೆಲೆನಿಂತ ಹದಿನಾಲ್ಕು ಮಂದಿ ಅಜ್ಜಿಯರ ಜಗಳ ಬಿಡಿಸುವುದು ಅವರ ಕೆಲಸ. ಊರವರು ಅವರನ್ನು 'ಮ್ಯಾನೇಜರ್ ಸಾಹಬ್' ಎನ್ನುತ್ತಿದ್ದರು. ಅವರ ಹಿಂದಿ ತರಕಾರಿ ಕೊಳ್ಳುವಷ್ಟಿತ್ತು. ಅದರ ಮೇಲಿನ ವಿಶ್ವಾಸ ಮಾತ್ರ ಪಾರ್ಲಿಮೆಂಟಿನಲ್ಲಿ ಭಾಷಣ ಮಾಡುವಷ್ಟಿತ್ತು. ಕನ್ನಡದ ಯಾವುದಾದರೂ ದೊಡ್ಡ ಪದವನ್ನು ಹಿಡಿದು ಅದರ ಬಾಲಕ್ಕೆ 'ಹೈ' ಹಚ್ಚಿದರೆ ಹಿಂದಿಯಾಗುತ್ತದೆಂದು ಅವರು ನಂಬಿದ್ದರು. ಹತ್ತರಲ್ಲಿ ಎಂಟು ಸಲ ಆಗುತ್ತಲೂ ಇತ್ತು. ಈ ಕಥೆ ಉಳಿದೆರಡು ಸಲದ್ದು.

ಎಪ್ಪತ್ತೈದನೆಯ ಇಸವಿ ಮಾರ್ಚಿಯಲ್ಲಿ ಭಾರತ ಹಾಕಿಯ ವಿಶ್ವಕಪ್ಪು ಗೆದ್ದಿತು. ಕಾಶಿಗೆ ಕಾಶಿಯೇ ಹಾಕಿಯ ಪಂಡಿತರಿಂದ ತುಂಬಿಹೋಯಿತು. ಗೋದೌಲಿಯಾದ ಪಾನಿನಂಗಡಿಯ ಮುಂದೆ ನಿಂತವರೆಲ್ಲ ತಾವು ಎಲ್ಲೆಲ್ಲಿ ಹೇಗೆ ಹೇಗೆ ಆಡಿದ್ದೆವೆಂದು ಹೇಳುತ್ತಿದ್ದರು. ಕೊಟ್ಟೂರಯ್ಯನವರು ಒಂದು ದಿನ, ಎರಡು ದಿನ, ಮೂರು ದಿನ ತಡೆದುಕೊಂಡರು. ನಾಲ್ಕನೆಯ ದಿನ ಪಾನಿನ ರಸವನ್ನು ಗಂಭೀರವಾಗಿ ಒಂದು ದವಡೆಗೆ ಸರಿಸಿ, "ಹಮ್ ಬಳ್ಳಾರಿ ಮೇಂ ಅಂಪೈರ್ ಥಾ" ಎಂದುಬಿಟ್ಟರು.

ಬಳ್ಳಾರಿಯಲ್ಲಿ ಅಂಪೈರಾಗಿದ್ದರ ನಿಜ ಇಷ್ಟೇ: ಹೈಸ್ಕೂಲಿನಲ್ಲಿದ್ದಾಗ ಡ್ರಿಲ್ ಮಾಸ್ತರನ್ನು ಹೆಡ್‌ಮಾಸ್ತರು ಒಳಗೆ ಕರೆದಿದ್ದರು. ಮಾಸ್ತರು ಹೋಗುವಾಗ ಸೀಟಿಯನ್ನು ಹತ್ತಿರ ನಿಂತಿದ್ದ ಇವರ ಕೈಗೆ ಕೊಟ್ಟು ಹೋಗಿದ್ದರು. ಆರು ನಿಮಿಷ ಸೀಟಿ ಇವರ ಕೈಯಲ್ಲಿತ್ತು. ಊದಲಿಲ್ಲ.

ಪಾನಿನಂಗಡಿಯಲ್ಲಿ ಆಡಿದ ಮಾತು ಕಾಶಿಯಲ್ಲಿ ಸೈಕಲ್ ರಿಕ್ಷಾಕ್ಕಿಂತ ಬೇಗ ಹೋಗುತ್ತದೆ. ಎರಡನೆಯ ದಿನ ಬೆಳಗ್ಗೆ ಬದರೀನಾರಾಯಣ ಎಂಬ ಸೀರೆ ವ್ಯಾಪಾರಿ, ಚೆಂಡುಹೂವಿನ ಹಾರ ಮತ್ತು ಒಂದು ಡಬ್ಬಿ ಲಾಲ್ ಪೇಡೆ ಹಿಡಿದುಕೊಂಡು ಮಠಕ್ಕೆ ಬಂದ. ಅವನು ಭೇಲೂಪುರದ ಬಾಲ ಕ್ರೀಡಾ ಮಂಡಳಿಯ ಕಾರ್ಯದರ್ಶಿ. ಚೈತ್ರದಲ್ಲಿ ಭೇಲೂಪುರದ ಹುಡುಗರಿಗೂ ಗಂಗೆಯಾಚೆಯ ರಾಮನಗರದ ಹುಡುಗರಿಗೂ ಹಾಕಿ ಪಂದ್ಯ. ಆಡುವವರೆಲ್ಲ ಹದಿನಾಲ್ಕರ ಒಳಗಿನವರು. ಎರಡು ಕಡೆಯಿಂದ ಒಬ್ಬೊಬ್ಬ ಅಂಪೈರು ನಿಲ್ಲಬೇಕು.

"ನಮ್ಮ ಪುಣ್ಯ ನೋಡಿ ಸಾಹಬ್, ನೀವು ಇಲ್ಲೇ ಇದ್ದೀರಿ!" ಎಂದು ಹಾರ ಹಾಕಿಯೇಬಿಟ್ಟ.

ಹಾರ ಕೊರಳಿಗೆ ಬಿದ್ದ ಮೇಲೆ ಕೊಟ್ಟೂರಯ್ಯನವರಿಗೆ 'ಇಲ್ಲ' ಎಂಬ ಪದ ಯಾವ ಭಾಷೆಯಲ್ಲೂ ನೆನಪಾಗಲಿಲ್ಲ. ಬದರೀನಾರಾಯಣ ಹೋದ ಮೇಲೆ ಅವರ ಹೆಂಡತಿ ಬಸಲಿಂಗಮ್ಮ ಪೇಡೆಯ ಡಬ್ಬಿಯನ್ನು ಒಳಗಿಟ್ಟು ಬಂದು ಕೇಳಿದರು:

"ಏನ್ರೀ, ಹಾಕಿ ಅಂದ್ರ ನಿಮಗ ಗೊತ್ತೈತೇನು?"

"ಗೊತ್ತಿರಲಾರದೇನು? ಚೆಂಡು, ಕೋಲು. ಅತ್ತಾಗ ಒಂದು ಗೋಲು, ಇತ್ತಾಗ ಒಂದು ಗೋಲು. ನಡುವ ನಾನು."

"ನಡುವ ನಿಂತವರಿಗೇ ಪೆಟ್ಟು ಬೀಳೂದು," ಎಂದು ಬಸಲಿಂಗಮ್ಮ ರೊಟ್ಟಿ ಬಡಿಯಲು ಹೋದರು.

ಅಷ್ಟಕ್ಕೇ ಮುಗಿದಿದ್ದರೆ ಕೊಟ್ಟೂರಯ್ಯನವರು ಆ ದಿನ ಹೇಗೋ ಸೀಟಿ ಊದಿ ಬರುತ್ತಿದ್ದರು. ಆದರೆ ಮಠದ ಮಹಡಿಯ ಕೋಣೆಯಲ್ಲಿ ವೆಂಕಟೇಶ ಎಂಬ ಮೈಸೂರು ಕಡೆಯ ಹುಡುಗನಿದ್ದ. ಯೂನಿವರ್ಸಿಟಿಯಲ್ಲಿ ಲಾ ಓದುತ್ತಿದ್ದ. ಆಟದ ನಿಯಮಗಳ ಒಂದು ಇಂಗ್ಲಿಷ್ ಪುಸ್ತಕ ತಂದುಕೊಡಪ್ಪಾ ಎಂದು ಅವನಿಗೆ ಹೇಳಿದ್ದೇ ತಪ್ಪಾಯಿತು. ಲಾ ಓದುವ ಹುಡುಗನಿಗೆ ಯಾವ ಪುಸ್ತಕ ಕೊಟ್ಟರೂ ಅದರಲ್ಲಿ ಜೈಲೇ ಕಾಣುತ್ತದೆ.

"ಅಯ್ಯನೋರೇ, ಗೋಲು ಎಣಿಸೋದು ದೊಡ್ಡ ಕೆಲಸ ಅಲ್ಲ," ಎಂದ ವೆಂಕಟೇಶ. "ಹುಡುಗರ ಸುರಕ್ಷತೆ ನೋಡ್ಕೊಳ್ಳೋದು ಅಂಪೈರ್ ಕೆಲಸ. ಮೈದಾನದಲ್ಲಿ ಕಲ್ಲಿದೆಯಾ, ಕೋಲು ಸೀಳಿದೆಯಾ, ಚೆಂಡು ಮೇಲೆ ಹಾರ್ತಿದೆಯಾ, ಎಲ್ಲಾ ನೋಡ್ಬೇಕು. ಅಪಾಯ ಕಂಡೂ ಆಟ ನಡೆಸಿ ಯಾವ್ದಾದ್ರೂ ಹುಡುಗನಿಗೆ ಪೆಟ್ಟಾದ್ರೆ, ನೀವೇ ಹೊಣೆ ಅಂತ ಕೋರ್ಟಿಗೆ ಹೋಗಬಹುದು."

ಕೊಟ್ಟೂರಯ್ಯನವರು ಚಸ್ಮಾ ತೆಗೆದು ಒರೆಸಿದರು. "ಕಂಡ್ರ ತಾನೇ ಹೊಣಿ? ಹಂಗಾರ ಚಸ್ಮಾ ಮನ್ಯಾಗ ಇಟ್ಟು ಹೋಗ್ತೀನಿ."

"ನೋಡ್ಬೇಕಾದ್ದನ್ನ ನೋಡದೇ ಇದ್ರೂ ಹೊಣೆನೇ. ಅದಕ್ಕೆ ನಿರ್ಲಕ್ಷ್ಯ ಅಂತಾರೆ."

"ನೋಡಿದ್ರೂ ತಪ್ಪು, ನೋಡಲಿಲ್ಲಂದ್ರೂ ತಪ್ಪು! ಹೋದ ವರ್ಷ ಇವ್ರ ಅಂಪೈರ್ ಯಾರಿದ್ದ?"

"ಯಾರೋ ಒಬ್ರು ರೈಲ್ವೇ ಗುಮಾಸ್ತರು. ಆ ಪಂದ್ಯದಲ್ಲಿ ಒಬ್ಬ ಹುಡುಗನಿಗೆ ಎರಡು ಹಲ್ಲು ಹೋದ್ವಂತೆ."

"ಈಗ ಅವ್ರು ಎಲ್ಲದಾರ?"

"ಗೋರಖಪುರಕ್ಕೆ ಹೋದ್ರು."

ಆ ಮನುಷ್ಯನಿಗೆ ವರ್ಗವಾಗಿತ್ತು, ಅಷ್ಟೇ. ಕೊಟ್ಟೂರಯ್ಯನವರಿಗೆ ಮಾತ್ರ, ಕೈಗೆ ಕೋಳ ಹಾಕಿಸಿಕೊಂಡು ಗೋರಖಪುರದ ಜೈಲಿನ ಬಾಗಿಲಲ್ಲಿ ನಿಂತ ಒಬ್ಬ ಗುಮಾಸ್ತ ಕಣ್ಣಿಗೆ ಕಟ್ಟಿದ. ಆ ಗಳಿಗೆಯಲ್ಲೇ ಅವರು ರಾಜೀನಾಮೆಯ ನಿರ್ಧಾರ ಮಾಡಿದರು.

ರಾಜೀನಾಮೆಯನ್ನು ಬಾಯಲ್ಲಿ ಕೊಟ್ಟರೆ ಬದರೀನಾರಾಯಣ ಮತ್ತೊಂದು ಹಾರ ಹಾಕಿಬಿಟ್ಟಾನೆಂದು, ಕಾಗದದಲ್ಲಿ, ಅದೂ ತಮ್ಮ ಸ್ವಂತ ಹಿಂದಿಯಲ್ಲಿ ಬರೆದರು. ವೆಂಕಟೇಶನಿಗೆ ತೋರಿಸಲಿಲ್ಲ, ಹುಡುಗರಿಗೆಲ್ಲ ತೋರಿಸುವ ವಿಷಯವಲ್ಲ. 'ಮೈಂ ಕೊಟ್ಟೂರಯ್ಯ, ಬಚ್ಚೋಂ ಕೇ ಹಾಥ್, ಪೈರ್ ಔರ್ ದಾಂತ್ ಕೀ ಸಂಪೂರ್ಣ ಜಿಮ್ಮೇದಾರೀ ಕಾ ರಾಜೀನಾಮಾ ಸಂತೋಷ್ ಸೇ ದೇತಾ ಹೂಂ' ಎಂದು ಬರೆದು ಸಹಿ ಹಾಕಿ, ಮಠದ ಮುದ್ರೆಯನ್ನೂ ಒತ್ತಿದರು. ಹುಡುಗರ ಕೈ, ಕಾಲು, ಹಲ್ಲುಗಳ ಜವಾಬ್ದಾರಿಗೆ ತಾವು ಸಂತೋಷದಿಂದ ರಾಜೀನಾಮೆ ಕೊಟ್ಟಿದ್ದೇವೆಂದು ಅವರ ಅರ್ಥ.

ಸೀರೆಯಂಗಡಿಯ ಬಿಳಿ ಗಾದಿಯ ಮೇಲೆ ಕೂತು ಬದರೀನಾರಾಯಣ ಕಾಗದ ಓದಿದ. ಇನ್ನೊಮ್ಮೆ ಓದಿದ. ಅವನ ಕಣ್ಣಲ್ಲಿ ನೀರು ಬಂತು.

"ಸಾಹಬ್... ಕೈ ಕಾಲು ಸರಿ. ಹಲ್ಲೂ?"

"ಹಲ್ಲೂ," ಎಂದರು ಕೊಟ್ಟೂರಯ್ಯನವರು ಗಟ್ಟಿಯಾಗಿ.

"ಯೋಚನೆ ಮಾಡಿ ಬರೆದಿದ್ದೀರಾ?"

"ಮಾಡಿಯೇ ಬರೆದದ್ದು. ಮುಝೇ ಶಿಕ್ಷಾ ನಹೀಂ ಚಾಹಿಯೇ."

ನನಗೆ ಶಿಕ್ಷೆಯಾಗುವುದು ಬೇಡ ಎಂದು ಅವರು ಹೇಳಿದ್ದು. ಆದರೆ ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ. ಬದರೀನಾರಾಯಣ ಗಾದಿಯಿಂದೆದ್ದು ಅವರನ್ನು ತಬ್ಬಿಕೊಂಡ. "ನಿಜ ಹೇಳಿದಿರಿ ಸಾಹಬ್! ಇಂಥ ಮಾತು ಹೇಳೋಕೆ ವಿದ್ಯೆ ಯಾಕೆ ಬೇಕು, ಹೃದಯ ಬೇಕು!" ಎಂದು ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕೂಗಿ ಕರೆದು ಕಾಗದ ಓದಿ ಹೇಳಿದ. ಅವರು ಒಬ್ಬೊಬ್ಬರೇ ಬಂದು ಕೊಟ್ಟೂರಯ್ಯನವರ ಪಾದ ಮುಟ್ಟಿದರು. ಕೆಲಸ ಬಿಡುವವರಿಗೆ ಈ ಊರಿನಲ್ಲಿ ಎಷ್ಟು ಮರ್ಯಾದೆ ಎಂದು ಬೆರಗಾಗುತ್ತ ಅವರು ಹಗುರ ಮನಸ್ಸಿನಿಂದ ಮನೆಗೆ ಬಂದು ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚು ತಿಂದರು.

ಮಾರನೆಯ ಬೆಳಗ್ಗೆ ಮಠದ ಅಂಗಳ ತಾಯಂದಿರಿಂದ ತುಂಬಿತ್ತು. ಒಬ್ಬಳು ಮಗನ ಮೊಣಕಾಲು ತೋರಿಸಿ ಇದು ಸ್ವಲ್ಪ ಸೂಕ್ಷ್ಮ ಎಂದಳು. ಇನ್ನೊಬ್ಬಳು ತನ್ನ ಮಗನಿಗೆ ಬಿಸಿಲು ತಡೆಯುವುದಿಲ್ಲ, ಆಗಾಗ ನೀರು ಕುಡಿಸಿ ಎಂದಳು. ಮತ್ತೊಬ್ಬಳು ದಪ್ಪ ಮಗನೊಬ್ಬನನ್ನು ಅವರ ಮುಂದೆ ನಿಲ್ಲಿಸಿ ಕಣ್ಣೊರೆಸಿಕೊಂಡು ಹೊರಟುಹೋದಳು. ಮಠದ ಅಜ್ಜಿಯರಲ್ಲಿ ಹಿರಿಯರಾದ ಕಾವೇರಮ್ಮನವರು ಜಪದ ಮಣಿ ನಿಲ್ಲಿಸಿ, "ಇದೇನು ಕೊಟ್ಟೂರಯ್ಯ, ಪಾಠಶಾಲೆ ತೆಗೆದೆಯಾ?" ಎಂದರು.

ಅಷ್ಟರಲ್ಲಿ ವೆಂಕಟೇಶ ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದ. ಮಂಡಳಿಯ ಹಲಗೆಯ ಮೇಲೆ ಕೊಟ್ಟೂರಯ್ಯನವರ ಕಾಗದಕ್ಕೆ ಗಾಜಿನ ಚೌಕಟ್ಟು ಹಾಕಿ ತೂಗುಬಿಟ್ಟಿದ್ದರಂತೆ.

"ಅಯ್ಯನೋರೇ, ಇಲ್ಲಿ ರಾಜೀನಾಮಾ ಅಂದ್ರೆ ಕೆಲಸ ಬಿಡೋದಲ್ಲ. ಒಪ್ಪಂದ. ಎರಡೂ ಕಡೆಯವರು ರಾಜಿಯಾಗಿ ಬರ್ಕೊಡೋ ಪತ್ರ. ಹುಡುಗರ ಕೈ ಕಾಲು ಹಲ್ಲಿಗೆ ನಾನೇ ಪೂರ್ತಿ ಹೊಣೆ ಅಂತ ನೀವು ಸಂತೋಷದಿಂದ ಒಪ್ಕೊಂಡು ಮುದ್ರೆ ಹಾಕಿದ್ದೀರಿ!"

ಕೊಟ್ಟೂರಯ್ಯನವರು ಕಂಬ ಹಿಡಿದುಕೊಂಡರು. "ಕೆಲಸ ಬಿಡೂದಕ್ಕ ಏನಂತಾರ ಹಂಗಾರ?"

"ಇಸ್ತೀಫಾ."

'ಇಸ್ತೀಫಾ, ಇಸ್ತೀಫಾ' ಎಂದು ಪಂಚಾಕ್ಷರಿಯಂತೆ ಜಪಿಸುತ್ತ ಅವರು ಬರಿಗಾಲಲ್ಲಿ ಭೇಲೂಪುರಕ್ಕೆ ಓಡಿದರು. ಸೀರೆಯಂಗಡಿಯಲ್ಲಿ ಬದರೀನಾರಾಯಣನ ಎದುರು ಗಿರಿಜಾದೇವಿ ಎಂಬ ಪ್ರೈಮರಿ ಶಾಲೆಯ ಟೀಚರು ಕೂತಿದ್ದರು. ಪಕ್ಕದಲ್ಲಿ ಹನ್ನೆರಡು ವರ್ಷದ ಮಗ ಶಾಮ, ಹೊಸ ಹಾಕಿ ಕೋಲನ್ನು ಎದೆಗೊತ್ತಿಕೊಂಡು ನಿಂತಿದ್ದ. ಕೊಟ್ಟೂರಯ್ಯನವರನ್ನು ಕಂಡು ನಕ್ಕ. ಮುಂದಿನ ಎರಡು ಹಲ್ಲಿರಲಿಲ್ಲ.

ಗಿರಿಜಾದೇವಿ ಎದ್ದು ನಿಂತು ನಮಸ್ಕಾರ ಮಾಡಿದರು. "ಹೋದ ವರ್ಷ ಇವನ ಹಲ್ಲು ಹೋದಾಗ ಆ ಅಂಪೈರ್ ಏನಂದರು ಗೊತ್ತೇ? 'ನಾನು ಗೋಲು ನೋಡೋನು, ಬಾಯಿ ನೋಡೋನಲ್ಲ' ಅಂದರು. ಮನೆಗೆ ಬಂದು ಕೋಲನ್ನ ಒಲೆಗೆ ಹಾಕಿದೆ. ಮೊಹಲ್ಲಾದ ಯಾವ ತಾಯಿಯೂ ಈ ವರ್ಷ ಮಕ್ಕಳನ್ನ ಕಳಿಸೋದಿಲ್ಲ ಅಂತ ನಿಶ್ಚಯ ಮಾಡಿದ್ದೆವು. ಪಂದ್ಯವೇ ನಿಲ್ಲೋದಿತ್ತು. ನಿನ್ನೆ ನಿಮ್ಮ ಕಾಗದ ಓದಿದೆ. ಈ ಹುಡುಗ ಒಂದು ವರ್ಷದಿಂದ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದವನು, ನಿನ್ನೆ ಮಲಗಲೇ ಇಲ್ಲ."

"ಸಾಹಬ್ ಏನೋ ಹೇಳೋಕೆ ಬಂದಿದ್ದಾರೆ," ಎಂದ ಬದರೀನಾರಾಯಣ.

"ಹೌದು. ಇಸ್ತೀ..." ಎಂದರು ಕೊಟ್ಟೂರಯ್ಯನವರು. ಶಾಮ ಹಲ್ಲಿಲ್ಲದ ಬಾಯಿ ತೆರೆದು ಅವರನ್ನೇ ನೋಡುತ್ತಿದ್ದ. "ಇಸ್ತೀ... ಇಸ್ತ್ರೀ! ಹುಡುಗರ ಅಂಗಿಗೆಲ್ಲ ಇಸ್ತ್ರಿ ಮಾಡಿಸಿರಬೇಕು. ಅದನ್ನ ಹೇಳಿ ಹೋಗೋಣ ಅಂತ ಬಂದೆ."

"ವಾಹ್! ಎಷ್ಟು ಶಿಸ್ತು!" ಎಂದ ಬದರೀನಾರಾಯಣ.

ಮನೆಗೆ ಬಂದು ಚಾಪೆಯ ಮೇಲೆ ಬಿದ್ದುಕೊಂಡ ಗಂಡನ ಮುಂದೆ ಬಸಲಿಂಗಮ್ಮ ಬಂದು ನಿಂತರು. "ಬರಕೊಟ್ಟಿರಿ. ಮುದ್ರಿ ಒತ್ತೀರಿ. ಮಲಕೊಂಡ್ರ ಹಲ್ಲು ಉಳಿತಾವೇನು? ಏಳ್ರಿ, ಆ ಮೈದಾನಾ ಹೆಂಗೈತಿ ನೋಡಿ ಬರೂಣು."

ಮೈದಾನವೆಂದರೆ ಒಂದು ಪಾಳುಬಿದ್ದ ಹವೇಲಿಯ ಹಿಂದಿನ ಬಯಲು. ಕಲ್ಲು, ಹೆಂಚಿನ ಚೂರು, ಚಹಾ ಕುಡಿದು ಎಸೆದ ಮಣ್ಣಿನ ಕುಲ್ಹಡ್ಡು. ಮೂಲೆಯಲ್ಲಿ ಮಲಗಿದ ಒಂದು ಗೂಳಿ. ಈ ಗೂಳಿ ಅಲ್ಲಿ ಎಷ್ಟು ವರ್ಷದಿಂದ ಮಲಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಏಳಿಸುವ ಧೈರ್ಯವೂ ಯಾರಿಗೂ ಇರಲಿಲ್ಲ. ಕೊಟ್ಟೂರಯ್ಯನವರು ಮಂಡಳಿಯವರು ಕೊಟ್ಟ ಸೀಟಿ ಊದಿ ನೋಡಿದರು. ಗೂಳಿ ಒಂದು ಕಿವಿ ಅಲ್ಲಾಡಿಸಿತು. ಅದು ಮಲಗಿದಲ್ಲಿಂದ ಎರಡು ಮಾರು ಈಚೆಗೆ ಸುಣ್ಣದ ಗೆರೆ ಎಳೆಸಿ, ಮೈದಾನದ ಆ ಮೂಲೆಯನ್ನು ಅದಕ್ಕೇ ಬಿಟ್ಟುಕೊಟ್ಟರು. ಉಳಿದದ್ದರಲ್ಲಿ ಐದು ದಿನ ಬೆಳಗ್ಗೆ ತಾಯಂದಿರು, ಹುಡುಗರು, ವೆಂಕಟೇಶ ಎಲ್ಲರೂ ಕಲ್ಲು ಆಯ್ದರು. ಹನ್ನೊಂದು ಬುಟ್ಟಿ ಕಲ್ಲು ಬಂತು. ಹುಡುಗರ ಕೋಲುಗಳನ್ನು ಬಡಗಿಯ ಹತ್ತಿರ ಒಯ್ದು ಸಿಬಿರು ಹೆರೆಸಿದರು.

ಇನ್ನುಳಿದದ್ದು ಮೊಣಕಾಲ ಕೆಳಗಿನ ಎಲುಬು. ಅದಕ್ಕೆ ಕಟ್ಟುವ ಗಟ್ಟಿ ಪಟ್ಟಿಗಳು ಅಂಗಡಿಯಲ್ಲಿ ಸಿಗುತ್ತವೆಂದು ವೆಂಕಟೇಶ ಹೇಳಿದ. ಕಾವೇರಮ್ಮನವರಿಗೆ ಕೋಪ ಬಂತು.

"ಅಂಗಡಿ ಯಾಕೆ? ಹದಿನಾಲ್ಕು ಜನ ಹೆಂಗಸರು ಬೆಳಗಿಂದ ಸಂಜೆ ತನಕ ದೀಪಕ್ಕೆ ಬತ್ತಿ ಹೊಸೀತಾ ಕೂತಿದೀವಿ. ವಿಶ್ವನಾಥನಿಗೆ ಬೇಕಾದಷ್ಟು ಬತ್ತಿ ಆಗಿದೆ. ಹತ್ತಿ ಇದೆ, ಹಳೇ ಸೀರೆ ಇದೆ, ಸೂಜಿ ಇದೆ. ಹುಡುಗರ ಕಾಲಳತೆ ತಗೊಂಡು ಬಾ."

ಹನ್ನೆರಡು ವರ್ಷದಿಂದ ಯಾವ ವಿಷಯದಲ್ಲೂ ಒಂದಾಗದಿದ್ದ ಅಜ್ಜಿಯರು ಅಂಗಳದಲ್ಲಿ ಒಟ್ಟಿಗೆ ಕೂತು ಹೊಲಿದರು. ಒಳಗೆ ರಟ್ಟು, ಸುತ್ತ ಹತ್ತಿ, ಮೇಲೆ ಸೀರೆ. ಗೋಲು ಕಾಯುವ ಆ ದಪ್ಪ ಹುಡುಗನಿಗೆ ಹೊದೆಯುವ ಒಂದು ಇಡೀ ರಜಾಯಿಯನ್ನೇ ಅಂಗಿಯಂತೆ ಹೊಲಿದರು. ಅವನು ತೊಟ್ಟುಕೊಂಡ ಮೇಲೆ ಬಾಗಲು ಬಾರದು. ಬಿದ್ದರೆ ಏಳಲು ಬಾರದು. ಆದರೆ ಗೋಲಿನಲ್ಲಿ ಅವನು ನಿಂತ ಮೇಲೆ ಚೆಂಡಿಗೆ ಹೋಗಲು ಜಾಗವೂ ಇರಲಿಲ್ಲ.

ಪಂದ್ಯದ ಭಾನುವಾರ ಬೆಳಗ್ಗೆ ಆರಕ್ಕೇ ಜನ ಸೇರಿದರು. ರಾಮನಗರದವರು ಸೇತುವೆ ದಾಟಿ ಎರಡು ಟಾಂಗಾಗಳಲ್ಲಿ ಬಂದರು. ಅವರ ಯಜಮಾನನೂ ಎರಡನೆಯ ಅಂಪೈರೂ ಒಬ್ಬನೇ: ರಾಮದುಲಾರ್ ಪೈಲ್ವಾನ. ಎರಡು ಬಾಗಿಲಷ್ಟು ಅಗಲದ ಎದೆ. ಇಳಿದವನೇ, ಕಾಲಿಗೆ ಬಣ್ಣಬಣ್ಣದ ಸೀರೆಯ ಗಂಟು ಕಟ್ಟಿಕೊಂಡು ನಿಂತ ಭೇಲೂಪುರದ ಹುಡುಗರನ್ನು ನೋಡಿ ಕೇಳಿದ: "ಇವರು ಹಾಕಿಗೆ ಬಂದಿದ್ದಾರೋ, ಮದುವೆಗೋ?"

ಕೊಟ್ಟೂರಯ್ಯನವರು ಮಠದ ರಿಜಿಸ್ಟರ್ ತೆಗೆದು, "ಬಾಯಿ ತೆರೆಯಿರಿ," ಎಂದರು.

"ಏನು?"

"ಎಲ್ಲ ಹುಡುಗರೂ. ನಿಮ್ಮವರೂ. ಆಟಕ್ಕೆ ಮುಂಚೆ ಹಲ್ಲು ಎಣಿಸಬೇಕು. ಆಟ ಆದ ಮೇಲೆ ಇನ್ನೊಮ್ಮೆ. ನಾನು ಬರೆದುಕೊಟ್ಟಿದ್ದೇನೆ."

"ನನ್ನ ಹುಡುಗರೇನು ಸಂತೆಗೆ ಬಂದ ಎತ್ತುಗಳೇ?" ಎಂದು ಪೈಲ್ವಾನ ಗುಡುಗಿದ. ಆದರೆ ಅಷ್ಟರಲ್ಲಿ ಹುಡುಗರು ಸಾಲಾಗಿ ನಿಂತು ಬಾಯಿ ತೆರೆದಿದ್ದರು. ಹುಡುಗರಿಗೆ ಬಾಯಿ ತೆರೆಯಿರೆಂದರೆ ಬೇಸರವಿಲ್ಲ. ಕೊಟ್ಟೂರಯ್ಯನವರು ಎಣಿಸಿದರು, ವೆಂಕಟೇಶ ಬರೆದ. ಇಪ್ಪತ್ತೆರಡು ಬಾಯಿಗಳಲ್ಲಿ ಒಟ್ಟು ಐನೂರ ತೊಂಬತ್ತಮೂರು ಹಲ್ಲು.

ಆಟ ಶುರುವಾಯಿತು. ಅಂದರೆ, ಕೊಟ್ಟೂರಯ್ಯನವರ ಸೀಟಿ ಶುರುವಾಯಿತು. ಚೆಂಡು ಗೇಣು ಮೇಲೆದ್ದರೆ ಸೀಟಿ. ಕೋಲು ಸೊಂಟಕ್ಕಿಂತ ಮೇಲೆ ಹೋದರೆ ಸೀಟಿ. ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಕೋಪದಿಂದ ನೋಡಿದರೂ ಸೀಟಿ. ಒಬ್ಬ ಕೆಮ್ಮಿದ್ದಕ್ಕೆ ಆಟ ನಿಲ್ಲಿಸಿ ನೀರು ಕುಡಿಸಿದರು. ಮೊದಲ ಹತ್ತು ನಿಮಿಷದಲ್ಲಿ ಐವತ್ತು ಸಲ ಸೀಟಿಯಾಯಿತೆಂದು ವೆಂಕಟೇಶ ಲೆಕ್ಕ ಇಟ್ಟ. ಪೈಲ್ವಾನ ಮೈದಾನದ ಆ ತುದಿಯಿಂದ, "ಇದು ಹಾಕಿಯೋ, ರೈಲ್ವೇ ಸ್ಟೇಷನ್ನೋ?" ಎಂದು ಕೂಗಿದ.

ಆದರೆ ಒಂದು ವಿಚಿತ್ರವಾಯಿತು. ಹುಡುಗರು ಬುದ್ಧಿವಂತರು. ಚೆಂಡು ಎತ್ತಿದರೆ ಆಟ ನಿಲ್ಲುತ್ತದೆಂದು ತಿಳಿದ ಮೇಲೆ ನೆಲಕ್ಕೆ ಒತ್ತಿ, ಸರಿಸಿ, ಒಬ್ಬರಿಂದೊಬ್ಬರಿಗೆ ಸಾಗಿಸತೊಡಗಿದರು. ನೋಡುವವರು ಗಲಾಟೆ ಬಿಟ್ಟು ನೋಡತೊಡಗಿದರು. ರಾಮನಗರದ ಹುಡುಗನೊಬ್ಬನಿಗೆ ಕೋಲು ತಾಗಿ ಮೊಣಕಾಲ ಕೆಳಗೆ ಕೆಂಪಾಯಿತು. ಅವನು ಪೈಲ್ವಾನನ ಕಡೆ ಹೋಗದೆ ಕಾವೇರಮ್ಮನವರ ಕಡೆ ಹೋಗಿ, "ದಾದೀ, ನನಗೂ ಒಂದು," ಎಂದ. ಮಧ್ಯಂತರದ ಹೊತ್ತಿಗೆ ರಾಮನಗರದವರೆಲ್ಲರ ಕಾಲಲ್ಲೂ ಸೀರೆಯ ಗಂಟಿತ್ತು. ಶಾಮ ಒಂದು ಗೋಲು ಹೊಡೆದಿದ್ದ, ರಾಮನಗರದವರೂ ಒಂದು ಹೊಡೆದಿದ್ದರು.

ಮುಗಿಯಲು ಐದು ನಿಮಿಷವಿರುವಾಗ ಕೊಟ್ಟೂರಯ್ಯನವರು ಮತ್ತೆ ಸೀಟಿ ಊದಿದರು. ರಾಮನಗರದ ಮುಂದಾಳು ಹುಡುಗನ ಕೋಲು ಕುತ್ತಿಗೆಯಲ್ಲಿ ಸೀಳಿತ್ತು. ಮೇಲೆ ತಂತಿ ಸುತ್ತಿದ್ದರು.

"ಈ ಕೋಲಿನಲ್ಲಿ ಆಡಬಾರದು."

"ಮ್ಯಾನೇಜರ್!" ಪೈಲ್ವಾನ ನುಗ್ಗಿ ಬಂದ. "ಮೂರು ವರ್ಷದಿಂದ ಇದೇ ಕೋಲು. ಗೋಲು ಹೊಡೆಯೋ ಹುಡುಗನನ್ನ ನಿಲ್ಲಿಸೋಕೆ ನೆಪ ಹುಡುಕ್ತೀರಾ?"

"ಬೇರೆ ಕೋಲು ಕೊಡಿ, ಆಡಲಿ. ಇದು ಬ್ಯಾಡ."

"ನಾನು ಆಡಿ ಅಂತೀನಿ!"

"ಬ್ಯಾಡ ಅಂದ್ರ ಬ್ಯಾಡ!" ಹಿಂದಿ ಮುಗಿದು ಕೊಟ್ಟೂರಯ್ಯನವರ ಕನ್ನಡ ಶುರುವಾಗಿತ್ತು. ಹೋಗಿ ಚೆಂಡಿನ ಮೇಲೆ ಕೂತುಬಿಟ್ಟರು. ಚೆಂಡಿನ ಮೇಲೆ ಅಂಪೈರ್ ಕೂತರೆ ಏನು ಮಾಡಬೇಕೆಂದು ನಿಯಮದ ಪುಸ್ತಕದಲ್ಲಿರಲಿಲ್ಲ.

ಪೈಲ್ವಾನ ಹುಡುಗನ ಕೈಯಿಂದ ಕೋಲು ಕಿತ್ತುಕೊಂಡ. "ಕಲ್ಲಿನಂಥ ಕೋಲು! ನೋಡಿ ಬೇಕಾದರೆ!" ಎಂದು ತಲೆಯ ಮೇಲೆತ್ತಿ ನೆಲಕ್ಕೆ ಬಡಿದ. ಹಿಡಿ ಅವನ ಕೈಯಲ್ಲಿ ಉಳಿಯಿತು. ಕೋಲಿನ ತಲೆ ತಂತಿ ಸಮೇತ ಹಾರಿ, ನಿಂತ ಹುಡುಗರ ಕಿವಿಯ ಪಕ್ಕದಲ್ಲಿ ಸುಂಯ್ಯೆಂದು ಹೋಗಿ, ಸುಣ್ಣದ ಗೆರೆ ದಾಟಿ, ಮಲಗಿದ್ದ ಗೂಳಿಯ ಬೆನ್ನಿಗೆ ಬಡಿಯಿತು.

ಗೂಳಿ ಎದ್ದು ನಿಂತಿತು. ಅದು ಇಷ್ಟು ಎತ್ತರವಿದೆಯೆಂದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ.

ಜನ ದಿಕ್ಕಾಪಾಲಾಗಿ ಓಡಿದರು. ಬದರೀನಾರಾಯಣ ಹವೇಲಿಯ ಗೋಡೆ ಹತ್ತಿದ. ಪೈಲ್ವಾನ ಗೋಲಿನ ಕಂಬ ಹತ್ತಿದ, ಕಂಬ ಬಾಗಿತು. ಕೊಟ್ಟೂರಯ್ಯನವರ ಕಾಲುಗಳಿಗೂ ಓಡುವ ಆಸೆ ಬಹಳ ಇತ್ತು. ಆದರೆ ಎದುರಿಗೆ, ಕಾಲಿಗೆ ಹತ್ತಿ ಕಟ್ಟಿಕೊಂಡ ಹುಡುಗರು ಎತ್ತ ಓಡಬೇಕೆಂದು ತಿಳಿಯದೆ ನಿಂತಿದ್ದರು. ರಜಾಯಿ ತೊಟ್ಟ ದಪ್ಪ ಹುಡುಗ ಬಿದ್ದು ಅಂಗಾತ ಆಕಾಶ ನೋಡುತ್ತಿದ್ದ. "ಎಲ್ಲಾರೂ ನನ್ನ ಹಿಂದ! ಓಡಬ್ಯಾಡ್ರಿ! ಒಬ್ಬರ ಕೈ ಒಬ್ಬರು ಹಿಡೀರಿ!" ಎಂದು ಕೊಟ್ಟೂರಯ್ಯನವರು ಕನ್ನಡದಲ್ಲೇ ಕಿರುಚಿದರು. ಕನ್ನಡ ಬಾರದ ಇಪ್ಪತ್ತೆರಡು ಹುಡುಗರಿಗೂ ಅರ್ಥವಾಯಿತು. ಹತ್ತೊಂಬತ್ತು ಮಂದಿ ಬಂದು ಹಿಂದೆ ನಿಂತರು. ಬಿದ್ದವನನ್ನು ಶಾಮನೂ ಲಲ್ಲನ್ ಎಂಬ ರಾಮನಗರದ ಹುಡುಗನೂ ಎಳೆದುಕೊಂಡು ಬಂದರು. ಕೊಟ್ಟೂರಯ್ಯನವರು ಎರಡೂ ಕೈ ಚಾಚಿ ಮುಂದೆ ನಿಂತರು. ಗೂಳಿ ಮೂಗಿನಿಂದ ಬುಸ್ಸೆಂದು ಒಂದೊಂದೇ ಹೆಜ್ಜೆ ಹತ್ತಿರ ಬಂತು.

"ಏ ಬಸವಾ! ವಯಸ್ಸಾಯ್ತು, ಬುದ್ಧಿ ಬೇಡವಾ ನಿನಗೆ?"

ಕಾವೇರಮ್ಮನವರು. ಕೈಯಲ್ಲಿ ಬಸಲಿಂಗಮ್ಮ ಬುತ್ತಿ ಕಟ್ಟಿ ತಂದಿದ್ದ ರೊಟ್ಟಿ. ಗೂಳಿಯ ಮೂತಿಯ ಕೆಳಗೆ ರೊಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಕಿವಿಯ ಬುಡ ಕೆರೆದು, "ಬಾ, ಈಚೆ ಬಾ," ಎಂದರು. ಗೂಳಿ ರೊಟ್ಟಿ ತಿನ್ನುತ್ತ ಸೊಸೆಯಂತೆ ಅವರ ಹಿಂದೆ ಗಲ್ಲಿಯ ಕಡೆ ಹೋಯಿತು.

ಪೈಲ್ವಾನ ಕಂಬದಿಂದಿಳಿದ. ತನ್ನ ಕೈಯಲ್ಲಿನ್ನೂ ಇದ್ದ ಕೋಲಿನ ಹಿಡಿಯನ್ನು ನೋಡಿದ. ಅದರ ತಲೆ ಹಾರಿಹೋದ ದಾರಿಯಲ್ಲಿ ನಿಂತಿದ್ದ ಹುಡುಗರನ್ನು ನೋಡಿದ. ಅವನ ಮುಖ ಸುಣ್ಣವಾಯಿತು. ಹಿಡಿಯನ್ನು ಕೊಟ್ಟೂರಯ್ಯನವರ ಕೈಗಿತ್ತ.

ಉಳಿದ ಐದು ನಿಮಿಷವನ್ನೂ ಆಡಿಸಿದರು. ಒಂದಕ್ಕೊಂದು ಸಮನಾಗಿ ಪಂದ್ಯ ಮುಗಿಯಿತು. ಕೈಚಪ್ಪಾಳೆಯ ನಡುವೆ ಕೊಟ್ಟೂರಯ್ಯನವರು ರಿಜಿಸ್ಟರ್ ತೆಗೆದರು. ಬಾಯಿಗಳು ತೆರೆದವು. ಎಣಿಸಿ ಮುಗಿಸಿ ವೆಂಕಟೇಶ ಪೆನ್ನು ನಿಲ್ಲಿಸಿದ.

"ಐನೂರ ತೊಂಬತ್ತೆರಡು."

"ಇನ್ನೊಮ್ಮೆ ಕೂಡ್ಸು."

"ಕೂಡ್ಸಿದೆ ಅಯ್ಯನೋರೇ. ಒಂದು ಕಮ್ಮಿ."

ಕೊಟ್ಟೂರಯ್ಯನವರ ಕಿವಿಯಲ್ಲಿ ಗೋರಖಪುರದ ರೈಲು ಕೂಗಿತು. ಹೆಸರು ಹಿಡಿದು ನೋಡಿದಾಗ ಕಳೆದುಹೋದದ್ದು ಲಲ್ಲನ್ನನ ಹಲ್ಲು. ಕೆಳಗಿನ ಎಡದವಡೆ. ಅಲ್ಲಿ ಸಣ್ಣ ಕೆಂಪು ಗುಂಡಿ.

"ಯಾರು ಹೊಡೆದರೋ?" ಎಂದು ಪೈಲ್ವಾನ ಕೇಳಿದ.

ಲಲ್ಲನ್ ಚಡ್ಡಿಯ ಜೇಬಿನಿಂದ ಕೈ ತೆಗೆದು ಬಿಚ್ಚಿದ. ಅಂಗೈಯಲ್ಲಿ ಹಲ್ಲಿತ್ತು.

"ಯಾರೂ ಹೊಡೀಲಿಲ್ಲ. ನಾಲ್ಕು ದಿನದಿಂದ ಅಲ್ಲಾಡ್ತಿತ್ತು. ಮಧ್ಯಂತರದಲ್ಲಿ ನಾನೇ ಕಿತ್ಕೊಂಡೆ. ರಕ್ತ ಬಂದದ್ದು ಗೊತ್ತಾದರೆ ಈ ಸಾಹಬ್ ಆಟದಿಂದ ತೆಗೀತಾರೆ ಅಂತ ನುಂಗ್ತಾ ಇದ್ದೆ."

ಗಿರಿಜಾದೇವಿ ಹಲ್ಲನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸಿದರು. "ಹಾಲುಹಲ್ಲು," ಎಂದರು. "ಬೇರೇ ಇಲ್ಲ. ಕೆಳಗೆ ಹೊಸದು ಬರ್ತಾ ಇದೆ."

ಕೊಟ್ಟೂರಯ್ಯನವರು ಹುಡುಗನ ಗದ್ದ ಹಿಡಿದು ಬಾಯೊಳಗೆ ಇಣುಕಿ ನೋಡಿದರು. ಒಸಡಿನಿಂದ ಅಕ್ಕಿಕಾಳಿನಷ್ಟು ಬಿಳುಪು ತಲೆ ಹಾಕಿತ್ತು. ಅವರು ಅಲ್ಲೇ ನೆಲದ ಮೇಲೆ ಕೂತು ಅತ್ತರೋ ನಕ್ಕರೋ ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ.

ಮರುವಾರ ಮಧ್ಯಾಹ್ನ, ಬಸಲಿಂಗಮ್ಮ ಎಲೆ ಹಾಕುವ ಹೊತ್ತಿಗೆ, ಮಠದ ಬಾಗಿಲಲ್ಲಿ ರಾಮದುಲಾರ್ ಪೈಲ್ವಾನ ನಿಂತಿದ್ದ. ಜೊತೆಗೆ ರಾಮನಗರದ ನಾಲ್ಕೈದು ಮಂದಿ ತಾಯಂದಿರು. ನಮ್ಮ ಅಖಾಡದಲ್ಲಿ ಇವತ್ತು ಸಂಜೆ ಹುಡುಗರ ಕುಸ್ತಿ ಇಟ್ಟುಕೊಂಡಿದ್ದೇವೆ, ಅಂಪೈರಾಗಿ ನೀವು ನಿಲ್ಲದಿದ್ದರೆ ತಾಯಂದಿರು ಹುಡುಗರನ್ನು ಬಿಡುವುದಿಲ್ಲ ಎನ್ನುತ್ತಾರೆ ಎಂದು ತಡವರಿಸಿ ಹೇಳಿದ.

"ಒಲ್ಲೆ ಅನ್ರಿ," ಎಂದರು ಬಸಲಿಂಗಮ್ಮ ಕನ್ನಡದಲ್ಲಿ, ಮೆಲ್ಲಗೆ. "ಕುಸ್ತಿ ಅಂದ್ರ ಕುತಗಿ ಮುರಿಯೂ ಆಟ."

ಕೊಟ್ಟೂರಯ್ಯನವರು ಹೆಂಡತಿಯ ಕಡೆ ನೋಡಿ ತಲೆಯಾಡಿಸಿದರು. ಪೈಲ್ವಾನನ ಕಡೆ ತಿರುಗಿದರು. ಬಾಯಿ ತೆರೆದರು.

"ಅಖಾಡದ ಮಣ್ಣು ಜರಡಿ ಹಿಡಿದು ಎಷ್ಟು ದಿನ ಆಯಿತು?" ಎಂದು ಕೇಳಿದರು.

ಪೈಲ್ವಾನ ಬೆರಳು ಮಡಿಸಿ ಎಣಿಸಿದ. "ಹೋದ ನಾಗಪಂಚಮಿಗೆ..."

"ನಾಗಪಂಚಮಿ! ಎಂಟು ತಿಂಗಳು! ಅದರಾಗ ಏನೇನು ಬಿದ್ದಾವೋ!" ಕೊಟ್ಟೂರಯ್ಯನವರು ಚಪ್ಪಲಿ ಮೆಟ್ಟಿಕೊಂಡರು.

"ಊಟಾ ಮಾಡಿ ಹೋಗ್ರೀ!"

"ಬಂದು ಮಾಡ್ತೀನಿ. ಹುಡುಗರು ಸಂಜಿಕ ಇಳೀತಾರಂತ," ಎಂದು ಅವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು.